ಆಯಿಲ್ ಕುಡಿಯುವ ಇಂಜಿನ್

ಮಾರ್ಚ್ 3, ಸೋಮವಾರ

ಅಣ್ಣನ ಕಾರು ಬೆಳಿಗ್ಗೆ ನನ್ನ ಗ್ಯಾರೇಜಿಗೆ ಬಂತು. ಬಂತು ಅಂದರೆ ಟ್ರಕ್ಕಿಗೆ ಕಟ್ಟಿ ಎಳೆದು ತಂದರು. ನಿನ್ನೆ ಬೆಟ್ಟದ ರೇಸಿನಲ್ಲಿ ಇನ್ನೆರಡು ತಿರುವು ದಾಟಿದರೆ ಮುಗಿಯಿತು ಅನ್ನುವಾಗ ಇಂಜಿನ್ ಕೈಕೊಟ್ಟಿದೆ. ಇಪ್ಪತ್ತೆಂಟು ವರ್ಷದಿಂದ ಬಡಕೊಳ್ಳುತ್ತಿದ್ದೇನೆ, ಆ ರೋಟರಿ ಇಂಜಿನ್ನನ್ನು ಕಿತ್ತು ಬಿಸಾಕು, ನೆಟ್ಟಗೆ ಒಂದು ಪಿಸ್ಟನ್ ಇಂಜಿನ್ ಕೂರಿಸಿಕೊಡ್ತೀನಿ ಅಂತ. ಕೇಳಿದರೆ ತಾನೆ?

ಅವನ ಹತ್ತಿರ ಒಂದು ಸಿದ್ಧ ಉತ್ತರ ಇತ್ತು. "ನಿನ್ನ ಪಿಸ್ಟನ್ ಮೇಲೆ ಹೋಗತ್ತೆ, ನಿಲ್ಲತ್ತೆ, ಕೆಳಗೆ ಬರತ್ತೆ, ಮತ್ತೆ ನಿಲ್ಲತ್ತೆ. ನಿಮಿಷಕ್ಕೆ ಸಾವಿರಾರು ಸಲ ಮನಸ್ಸು ಬದಲಾಯಿಸೋ ಆಸಾಮಿನ ನಂಬ್ಕೊಂಡು ಬೆಟ್ಟ ಹತ್ತೋದಾ? ನನ್ನ ರೋಟರ್ ಸುತ್ತತ್ತೆ, ಅಷ್ಟೇ." ಅಂದು ನಗುತ್ತಿದ್ದ. ನನ್ನನ್ನು ಊರೆಲ್ಲ 'ಪಿಸ್ಟನ್' ಅಂತ ಕರೆಯುವುದು ಅವನು ಶುರು ಮಾಡಿದ್ದೇ. ನಾನು ಅವನ ಇಂಜಿನ್ನನ್ನು ಮಿಕ್ಸಿ ಅನ್ನುತ್ತೇನೆ. ಲೆಕ್ಕ ಸರಿ.

ಇವತ್ತು ನಗಲಿಲ್ಲ. ಬೀಗದ ಕೈ ನನ್ನ ಮೇಜಿನ ಮೇಲಿಟ್ಟು, "ಹಾಕಿಬಿಡು ನಿನ್ನ ಪಿಸ್ಟನ್ನು. ಆಮೇಲೆ ಯಾರಿಗಾದ್ರೂ ಕೊಟ್ಟುಬಿಡೋಣ. ನಾನಿನ್ನು ಓಡಿಸಲ್ಲ," ಅಂದ. ರೋಟರಿ ಎಷ್ಟು ವೇಗ ಹೋದರೂ ನಡುಗುವುದಿಲ್ಲ, ಕೂಗುವುದಿಲ್ಲ. ಮಿತಿ ಮೀರಿದಾಗ ಎಚ್ಚರಿಸಲು ಅಂತಲೇ ಒಂದು ಬಜರ್ ಇಟ್ಟಿರುತ್ತಾರೆ. ನಿನ್ನೆ ಅದು ತನಗೆ ಕೇಳಿಸಲಿಲ್ಲವಂತೆ, ಮಿತಿ ಮೀರಿ ಎಳೆದುಬಿಟ್ಟನಂತೆ. "ಅರವತ್ತೊಂದು ಆಯ್ತು. ಕಿವಿ ಹೋಗಿದೆ. ನಾನೇ ಕೊಂದೆ ಅದನ್ನ," ಅಂದ.

ಪಾಪ ಅನ್ನಿಸಿತು. ಆದರೆ ಸುಳ್ಳು ಯಾಕೆ, ಕೈ ಆಗಲೇ ಸ್ಪ್ಯಾನರಿಗೆ ಹೋಗಿತ್ತು.

ಮಾರ್ಚ್ 5, ಬುಧವಾರ

ಗುಜರಿಯವನಿಗೆ ಫೋನು ಮಾಡಿದೆ. ಹಿಂದಿನಿಂದ ಗುದ್ದಿಸಿಕೊಂಡ ಕಾರೊಂದು ಬಂದಿದೆ, ಮುಂದಿನ ಅರ್ಧ ಹೊಸದರ ಹಾಗೇ ಇದೆ ಅಂದ. ನಾಲ್ಕು ಸಿಲಿಂಡರ್, ಎರಡು ಲೀಟರ್. ಹೋಗಿ ನೋಡಿದೆ. ಕೈಯಲ್ಲಿ ತಿರುಗಿಸಿದರೆ ಒಂದೊಂದು ಪಿಸ್ಟನ್ನೂ ಎದೆ ಸೆಟೆಸಿ ತಡೆಯುತ್ತದೆ. ಇಂಜಿನ್ ಅಂದರೆ ಇದು.

ಬೆಟ್ಟದ ರಸ್ತೆಯಲ್ಲಿ ಹೇರ್‌ಪಿನ್ ತಿರುವಿನಿಂದ ಹೊರಬರುವಾಗ ಬೇಕಾದದ್ದು ಕಡಿಮೆ ವೇಗದಲ್ಲೂ ಸಿಗುವ ಎಳೆತ. ಪಿಸ್ಟನ್ನಿಗೆ ಅದು ಹುಟ್ಟುಗುಣ. ರೋಟರಿಯನ್ನು ನಿಮಿಷಕ್ಕೆ ಏಳು ಸಾವಿರ ಸುತ್ತು ತಿರುಗಿಸುವ ತನಕ ಅದು ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಪೆಟ್ರೋಲನ್ನೋ ನೀರಿನ ಹಾಗೆ ಕುಡಿಯುತ್ತದೆ. ಇನ್ನು ಸಾಯುವುದು. ಪಿಸ್ಟನ್ ಇಂಜಿನ್ ಸಾಯುವ ಮುಂಚೆ ಹತ್ತು ಸಲ ಹೇಳುತ್ತದೆ, ಟಕಟಕ ಅನ್ನುತ್ತದೆ, ಹೊಗೆ ಬಿಡುತ್ತದೆ, ಗೊಣಗುತ್ತದೆ. ರೋಟರಿ ಹಾಗಲ್ಲ, ನಗುನಗುತ್ತಾ ಇದ್ದವರು ಇದ್ದಕ್ಕಿದ್ದಂತೆ ಹೋಗಿಬಿಟ್ಟ ಹಾಗೆ.

ಈ ವರ್ಷ ಆಯಿಲ್ ಕುಡಿಯುವುದಾದರೂ ನಿಂತಿತ್ತು. "ನೋಡು, ವಯಸ್ಸಾದ ಮೇಲೆ ಬುದ್ಧಿ ಬಂದಿದೆ ಇದಕ್ಕೆ" ಅಂತ ಅಣ್ಣ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಬುದ್ಧಿ ಬಂದದ್ದು ಯಾರ ದಯೆಯಿಂದ ಅಂತ ನಾನು ಹೇಳಿಲ್ಲ. ನಾನು ದೊಡ್ಡ ಮನುಷ್ಯಳು.

ಮಾರ್ಚ್ 10, ಸೋಮವಾರ

ಅತ್ತಿಗೆ ಬಂದಿದ್ದರು. ಮನೆ ಕಾರು ಅವರೇ ಓಡಿಸಿಕೊಂಡು ಬಂದರು. ನವೆಂಬರಿನಲ್ಲಿ ಮಂಡಿ ಆಪರೇಷನ್ ಆದ ಮೇಲೆ ಮೊದಲ ಸಲ.

"ನೀವ್ಯಾಕೆ ಓಡಿಸಿದ್ರಿ ಅತ್ತಿಗೆ? ಅಣ್ಣ ಎಲ್ಲಿ?"

"ಮನೆಯಲ್ಲಿದ್ದಾರೆ. ಮನೆ ಕಾರನ್ನೂ ಮುಟ್ತಾ ಇಲ್ಲಮ್ಮ. ತರಕಾರಿ ಅಂಗಡಿಗೆ ನಡ್ಕೊಂಡು ಹೋಗ್ತಾರೆ. ಮೊನ್ನೆ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋದೆ. ವಯಸ್ಸಿಗೆ ತಕ್ಕ ಹಾಗಿದೆ, ಏನೂ ತೊಂದ್ರೆ ಇಲ್ಲ ಅಂದ್ರು. ಇವರು ಹೊರಗೆ ಬಂದು, ಡಾಕ್ಟರು ನನ್ನ ಸಮಾಧಾನಕ್ಕೆ ಹೇಳಿದ್ರು ಅಂತಾರೆ. ರಸ್ತೆ ದಾಟೋವಾಗ ನನ್ನ ಕೈ ಹಿಡ್ಕೋತಾರೆ. ಎಂಟು ದಿನದ ಹಿಂದೆ ಬೆಟ್ಟದಲ್ಲಿ ನೂರರಲ್ಲಿ ಹೋಗ್ತಿದ್ದ ಮನುಷ್ಯ!"

ಸ್ವಲ್ಪ ದಿನ ಹೋಗಲಿ, ಸರಿಹೋಗ್ತಾನೆ ಅಂದೆ. ಅತ್ತಿಗೆ ಒಂದು ಕವರು ತೋರಿಸಿದರು. ರೇಸ್ ಕ್ಲಬ್ಬಿಗೆ ಅಣ್ಣ ಬರೆದ ಕಾಗದ. ಇನ್ನು ನನ್ನ ರೇಸ್ ನಂಬರನ್ನು ಬೇರೆಯವರಿಗೆ ಕೊಡಬಹುದು ಅಂತ. ಪೋಸ್ಟ್ ಮಾಡಲು ಹೊರಟಿದ್ದಾರೆ.

ಮಾರ್ಚ್ 13, ಗುರುವಾರ

ಮಿಕ್ಸಿಯನ್ನು ಹೊರಗೆ ತೆಗೆದೆ. ರಾಟೆಗೆ ಕಟ್ಟಿ ಎತ್ತಿದರೆ ಏನೂ ಇಲ್ಲದ ಹಾಗೆ ಬಂತು. ಇಷ್ಟು ಚಿಕ್ಕದು ಅಂತ ಗೊತ್ತಿತ್ತು, ಆದರೂ ಕೆಳಗಿಟ್ಟು ನೋಡಿದಾಗ, ಇಷ್ಟೇನಾ ಅನ್ನಿಸಿತು. ಕವಾಟ ಇಲ್ಲ, ಸರಪಣಿ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ನಡು ಸಣ್ಣಗಿರುವ ಕಡಲೆಕಾಯಿ ಸಿಪ್ಪೆಯ ಆಕಾರದ ಎರಡು ಗೂಡು, ಗೂಡಿಗೊಂದು ಉಬ್ಬಿದ ತ್ರಿಕೋನ. ಅದೇ ರೋಟರ್. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಜಂಬ.

ನಾಳೆ ಬಿಚ್ಚುತ್ತೇನೆ. ಬಿಚ್ಚಬೇಕಾಗಿಲ್ಲ, ಹಾಗೇ ಗುಜರಿಗೆ ಹಾಕಬಹುದು. ಆದರೆ ಸತ್ತದ್ದು ಹೇಗೆ ಅಂತ ನೋಡದೆ ಇಂಜಿನ್ ಕಳಿಸುವ ಅಭ್ಯಾಸ ನನಗಿಲ್ಲ.

ಮಾರ್ಚ್ 14, ಶುಕ್ರವಾರ

ಬರೆಯಬೇಕು. ಬರೆದರೆ ತಲೆ ತಣ್ಣಗಾಗಬಹುದು.

ರೋಟರಿನ ಮೂರು ಮೂಲೆಗೂ ಒಂದೊಂದು ಸೀಲು ಇರುತ್ತದೆ, ಪಿಸ್ಟನ್ನಿಗೆ ರಿಂಗು ಇದ್ದ ಹಾಗೆ. ಗೂಡಿನ ಗೋಡೆಗೆ ಒತ್ತಿಕೊಂಡು ಉಜ್ಜುತ್ತಾ ಸುತ್ತುವುದು ಅದೇ. ಒಟ್ಟು ಆರು. ಒಂದು ಮುರಿದಿತ್ತು. ಉಳಿದ ಐದನ್ನು ಅಳೆದೆ. ಎಂಟು ಮಿಲಿಮೀಟರ್ ಎತ್ತರ ಇರಬೇಕಾದದ್ದು ಐದೂ ಹೆಚ್ಚುಕಡಿಮೆ ಆರೂವರೆಗೆ ಬಂದಿವೆ. ಗೂಡಿನ ಗೋಡೆಯಲ್ಲಿ ಅಲೆ ಅಲೆಯಾಗಿ ಗೆರೆ. ಬೇರಿಂಗ್ ನೋಡಿದೆ, ಗೇರಿನ ಹಲ್ಲು ನೋಡಿದೆ. ಮಿತಿ ಮೀರಿ ಎಳೆದಿದ್ದರೆ ಮೊದಲು ಏಟು ತಿನ್ನಬೇಕಾದ್ದು ಅವು. ಚೊಕ್ಕವಾಗಿವೆ. ಅಂದರೆ ಇದು ಒಂದು ದಿನದ ಕೆಲಸ ಅಲ್ಲ. ತಿಂಗಳುಗಟ್ಟಲೆ ಒಣಗಿ ಒಣಗಿ ಸವೆದದ್ದು. ಬಜರ್ ಕೇಳಿಸದೆ ಹೋದದ್ದು ಅದು ಬಡಿದುಕೊಂಡೇ ಇರಲಿಲ್ಲ ಅನ್ನುವ ಕಾರಣಕ್ಕೆ.

ಒಣಗಿದ್ದು ಯಾಕೆ? ಪಿಸ್ಟನ್ನಿಗಾದರೆ ಕೆಳಗಿನಿಂದ ಆಯಿಲ್ ಚಿಮ್ಮುತ್ತದೆ. ಇದಕ್ಕೆ ಎಲ್ಲಿಂದ ಬರುತ್ತದೆ? ಗೊತ್ತಿಲ್ಲ. ನಾಚಿಕೆ ಬಿಟ್ಟು ಬರೆಯುತ್ತೇನೆ, ಮೂವತ್ತು ವರ್ಷ ಇಂಜಿನ್ ಕೆಲಸ ಮಾಡಿದ ನನಗೆ ಗೊತ್ತಿರಲಿಲ್ಲ. ಅಣ್ಣನ ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಇರುವ ಇಂಜಿನ್ ಪುಸ್ತಕ ತೆಗೆದು ಓದಿದೆ. ಒಂದು ಸಣ್ಣ ಪಂಪು, ಅದರಿಂದ ತೆಳ್ಳಗಿನ ಪೈಪುಗಳು, ಅವು ತೊಟ್ಟು ತೊಟ್ಟಾಗಿ ಆಯಿಲ್ಲನ್ನು ಉರಿಯುವ ಗೂಡಿನೊಳಕ್ಕೇ ಬಿಡುತ್ತವೆ. ಸೀಲು ಒಣಗಬಾರದು ಅಂತ. ಆಮೇಲೆ ಅದು ಪೆಟ್ರೋಲಿನ ಜೊತೆ ಸುಟ್ಟುಹೋಗುತ್ತದೆ. ಸುಡುವುದಕ್ಕೇ ಇರುವ ಆಯಿಲ್ಲು.

ಆ ಪೈಪುಗಳನ್ನು ನವೆಂಬರಿನಲ್ಲಿ ಮುಚ್ಚಿದ್ದು ನಾನು.

ಅತ್ತಿಗೆಯ ಆಪರೇಷನ್ನಿಗೆ ಅಣ್ಣ ಆಸ್ಪತ್ರೆಯಲ್ಲಿದ್ದ. ಕಾರು ಇಲ್ಲಿತ್ತು. ಬೆಲ್ಟು ಬದಲಾಯಿಸು, ವಾರಕ್ಕೊಮ್ಮೆ ಓಡಿಸು ಅಂದಿದ್ದ. ಓಡಿಸಿದಾಗೆಲ್ಲ ಆಯಿಲ್ ಇಳಿಯುತ್ತಿತ್ತು. ಆಯಿಲ್ ಕುಡಿಯುವ ಇಂಜಿನ್ ಕೆಟ್ಟ ಇಂಜಿನ್, ಇದು ನಾನು ಕೆಲಸ ಕಲಿತ ಮೊದಲ ವಾರದ ಪಾಠ. ಅಣ್ಣ ಮೊದಲಿನಿಂದಲೂ ಹೇಳುತ್ತಿದ್ದ, "ಅದು ಹಾಗೇ ಕುಡಿಯತ್ತೆ, ಅದರ ರೀತಿನೇ ಅದು" ಅಂತ. ಕೆಟ್ಟ ಇಂಜಿನ್ ಇಟ್ಟುಕೊಂಡವರೆಲ್ಲ ನನ್ನ ಮುಂದೆ ನಿಂತು ಹೇಳುವುದು ಅದೇ ಮಾತು! ಹುಡುಕಿದೆ, ಪೈಪು ಸಿಕ್ಕಿತು, ಲೇತಿನಲ್ಲಿ ಹಿತ್ತಾಳೆಯ ಸಣ್ಣ ಬಿರಡೆ ಕಡೆದು ಪೈಪಿನ ಒಳಗೆ ಬಡಿದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದ ಹಾಗೆ. ಹೇಳಿದರೆ ಬೈಯುತ್ತಾನೆ, ಆಯಿಲ್ ಇಳಿಯುವುದು ನಿಂತ ಮೇಲೆ ಒಂದು ದಿನ ಹೇಳಿ ಬಾಯಿ ಮುಚ್ಚಿಸೋಣ ಅಂತಿದ್ದೆ.

ಇವತ್ತು ಬಿರಡೆಗಳನ್ನು ಹೊರಗೆ ತೆಗೆದೆ. ಅಂಚು ಒರಟಾಗಿರಬಾರದು ಅಂತ ನುಣ್ಣಗೆ ಉಜ್ಜಿದ್ದೇನೆ. ಅಷ್ಟು ಶ್ರದ್ಧೆ.

ಮಾರ್ಚ್ 15, ಶನಿವಾರ

ಎರಡು ಕಾರಿಗೆ ಬ್ರೇಕು. ಒಂದಕ್ಕೆ ರೇಡಿಯೇಟರ್. ಬೇರೇನಿಲ್ಲ.

ಮಾರ್ಚ್ 18, ಮಂಗಳವಾರ

ಹಳೇ ಇಂಜಿನ್ ಅದು. ಇವತ್ತಲ್ಲ ನಾಳೆ ಹೋಗುತ್ತಿತ್ತು. ರೋಟರಿಯಲ್ಲಿ ಸೀಲು ಹೋಗುವುದು ಹೊಸ ವಿಷಯವೇನಲ್ಲ, ಪುಸ್ತಕದಲ್ಲೇ ಬರೆದಿದ್ದಾರೆ. ಈಗ ಹೇಳಿದರೆ ಇಂಜಿನ್ ಎದ್ದು ಕೂರುತ್ತದೆಯೇ? ಅಣ್ಣನೇ ಪಿಸ್ಟನ್ ಹಾಕು ಅಂದಿದ್ದಾನೆ. ಹಾಕಿದರೆ ಎಲ್ಲರಿಗೂ ಒಳ್ಳೆಯದು.

ಮಧ್ಯಾಹ್ನ ಅಣ್ಣ ಬಂದ, ನಡೆದುಕೊಂಡು. ಬೆಂಚಿನ ಮೇಲೆ ಸೀಲುಗಳನ್ನು ಬಟ್ಟೆ ಹಾಸಿ ಇಟ್ಟಿದ್ದೆ. ಮುರಿದದ್ದನ್ನು ಎತ್ತಿ ನೋಡಿದ. "ನೋಡಿದ್ಯಾ, ನಾನು ಹೇಳಲಿಲ್ವಾ? ಹೆಂಗೆ ಮುರಿದಿದೀನಿ ನೋಡು," ಅಂದ. ಉಳಿದ ಐದನ್ನು ನೋಡಲೇ ಇಲ್ಲ. ನೋಡಿದ್ದರೆ ಅವನಿಗೆ ತಿಳಿಯುತ್ತಿತ್ತು, ನನಗಿಂತ ಬೇಗ. ನಾನು ಬಟ್ಟೆ ಮಡಿಸಿ ಒಳಗಿಟ್ಟೆ.

"ಬೇಜಾರು ಮಾಡ್ಕೋಬೇಡ ಅಣ್ಣ," ಅಂದೆ. ನನ್ನ ಬಾಯಿಗೆ ಬಂದದ್ದು ಅಷ್ಟು.

ಮಾರ್ಚ್ 19, ಬುಧವಾರ

ನಿನ್ನೆ ಅಣ್ಣ ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದು ಬಂದಿದ್ದ, ಎರಡು ಕಿಲೋಮೀಟರ್ ನಡೆದು ಹೋದ.

ಮಾರ್ಚ್ 22, ಶನಿವಾರ

ಪಿಸ್ಟನ್ ಇಂಜಿನ್ ಅಣ್ಣನ ಕಾರಿನಲ್ಲಿ ಸುಮ್ಮನೆ ಇಟ್ಟು ನೋಡಿದೆ. ಬೋಲ್ಟು ಹಾಕಿಲ್ಲ. ಬಾನೆಟ್ ಮುಚ್ಚುವುದಿಲ್ಲ, ನಾಲ್ಕು ಬೆರಳು ಎತ್ತರ. ಮೊದಲಿನ ಇಂಜಿನ್ ಮುಂದಿನ ಚಕ್ರಗಳ ಹಿಂದಕ್ಕೆ, ನೆಲದ ಹತ್ತಿರ, ಡ್ರೈವರನ ಮೊಣಕಾಲ ಪಕ್ಕದಲ್ಲಿ ಕೂತಿರುತ್ತಿತ್ತು. ಇದು ಮುಂದಕ್ಕೆ ಹೋಗಿ ಮೂತಿಯ ಮೇಲೆ ಕೂರುತ್ತದೆ. ತೂಕ ಹಾಕಿದೆ, ಮುಂದಿನ ಚಕ್ರಗಳ ಮೇಲೆ ಅರವತ್ತೆರಡು ಕಿಲೋ ಹೆಚ್ಚು. ತಿರುವಿನಿಂದ ಹೊರಗೆ ಎಳೆಯುತ್ತದೆ, ನಿಜ. ಆದರೆ ತಿರುವಿನ ಒಳಕ್ಕೆ ಹೋಗುವಾಗ ಮೂತಿ ಮಾತು ಕೇಳುವುದಿಲ್ಲ. ಈ ಕಾರಿನ ನಕ್ಷೆ ಬಿಡಿಸಿದವರು ಆ ಇಂಜಿನ್ ಇಟ್ಟುಕೊಂಡೇ ಉಳಿದದ್ದನ್ನೆಲ್ಲ ಸುತ್ತ ಬಿಡಿಸಿದ್ದಾರೆ.

ಬಾನೆಟ್ಟಿಗೆ ಒಂದು ಗೂನು ಹಾಕಿದರೆ ಆಯಿತು. ನೂರು ಕಾರಿಗೆ ಮಾಡಿದ್ದೇನೆ.

ಸಂಜೆ ಆ ಇಂಜಿನ್ನನ್ನು ಹೊರಗೆ ತೆಗೆದುಬಿಟ್ಟೆ.

ಮಾರ್ಚ್ 25, ಮಂಗಳವಾರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗಾಗಿದೆ. ತಪ್ಪು ನನ್ನದು, ಕಿವಿ ಡಾಕ್ಟರ ಹತ್ತಿರ ಹೋದವನು ಅವನು. ಇವತ್ತು ಯಾರೋ ಗಿರಾಕಿ ಸುಮ್ಮನೆ, "ನಿಮ್ಮಣ್ಣನ ಕಾರಿಗೆ ಏನಾಯ್ತು?" ಅಂದ. ನಿನಗ್ಯಾಕಯ್ಯ ಅದೆಲ್ಲ ಅಂತ ಹಾರಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮಾರ್ಚ್ 26, ಬುಧವಾರ

ಹೇಳಿದೆ.

ಅಂಗಡಿ ಅರ್ಧ ಮುಚ್ಚಿ ಅವರ ಮನೆಗೆ ಹೋದೆ. ಅಣ್ಣ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ. ಹಿತ್ತಾಳೆ ಬಿರಡೆಗಳನ್ನು ಅವನ ಅಂಗೈಯಲ್ಲಿಟ್ಟೆ. ಎಲ್ಲಿ ಸಿಕ್ಕಿತು ಅಂತ ಹೇಳಿದೆ. ನವೆಂಬರಿನದ್ದು, ಸೀಲಿನ ಅಳತೆ, ಬೇರಿಂಗು, ಎಲ್ಲ. ಒಂದೇ ಉಸಿರಿಗೆ.

ಅವನು ಬೆಳಕಿಗೆ ಹಿಡಿದು ನೋಡಿದ. "ನಿನ್ನ ಕೆಲಸನೇ. ಇಷ್ಟು ಅಚ್ಚುಕಟ್ಟಾಗಿ ಬೇರೆ ಯಾರು ಮಾಡ್ತಾರೆ," ಅಂದ. ನನಗೆ ಅರೆಗಳಿಗೆ ಬದುಕಿದೆ ಅನ್ನಿಸಿತು.

"ಯಾವಾಗ ಗೊತ್ತಾಯ್ತು ನಿನಗೆ?"

"ಹದಿನಾಲ್ಕನೇ ತಾರೀಖು."

"ನಾನು ನಿನ್ನ ಗ್ಯಾರೇಜಿಗೆ ಬಂದದ್ದು?"

"ಹದಿನೆಂಟು."

ತಲೆ ಅಲ್ಲಾಡಿಸಿದ. ಒರೆಸುತ್ತಿದ್ದ ತಟ್ಟೆಯನ್ನು ಮತ್ತೆ ಒರೆಸಿದ. "ನವೆಂಬರಿನದ್ದು ತಪ್ಪು. ನಾನೂ ಮಾಡ್ತೀನಿ, ನೀನೂ ಮಾಡ್ತೀಯ. ಈ ಹನ್ನೆರಡು ದಿನಕ್ಕೆ ಏನಂತ ಹೆಸರಿಡಲಿ? ನಾನು ಮುದುಕ ಆದೆ ಅಂತ ಅಂದ್ಕೊಂಡು ಕೂತಿದ್ದೆ. ಡಾಕ್ಟರು ಸುಳ್ಳು ಹೇಳ್ತಾರೆ, ನಿಮ್ಮತ್ತಿಗೆ ಸುಳ್ಳು ಹೇಳ್ತಾಳೆ ಅಂದ್ಕೊಂಡೆ. ನೀನೊಬ್ಬಳು ಹೇಳಲ್ಲ ಅಂದ್ಕೊಂಡಿದ್ದೆ. ಹೋಗು ಈಗ."

ಕೂಗಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ. ಬಾಗಿಲವರೆಗೆ ಅತ್ತಿಗೆ ಬಂದರು.

ಮಾರ್ಚ್ 31, ಸೋಮವಾರ

ಅಣ್ಣನ ಫೋನಿಲ್ಲ. ನಾನೂ ಮಾಡಿಲ್ಲ.

ಎರಡು ಲೀಟರ್ ಇಂಜಿನ್ನನ್ನು ಗುಜರಿಯವನಿಗೆ ವಾಪಸ್ ಕಳಿಸಿದೆ. "ಯಾಕಕ್ಕ, ಚೆನ್ನಾಗಿರಲಿಲ್ವಾ?" ಅಂದ. ಚೆನ್ನಾಗಿದೆ, ಅದರ ಕಾರು ಬೇರೆ ಅಂದೆ.

ಏಪ್ರಿಲ್ 4, ಶುಕ್ರವಾರ

ಅತ್ತಿಗೆ ಎರಡು ರಟ್ಟಿನ ಡಬ್ಬಿ ತಂದು ಬಾಗಿಲಲ್ಲಿಟ್ಟರು. ಒಂದರಲ್ಲಿ ಹೊಸ ಸೀಲುಗಳು, ಎಣ್ಣೆ ಕಾಗದದಲ್ಲಿ ಸುತ್ತಿದ್ದು. ಇನ್ನೊಂದರಲ್ಲಿ ಎರಡು ಗೂಡು, ಕನ್ನಡಿ ಹಾಗೆ ಹೊಳೆಯುತ್ತವೆ. ಅಣ್ಣ ಎಷ್ಟೋ ವರ್ಷದಿಂದ ಮಂಚದ ಕೆಳಗೆ ಇಟ್ಟುಕೊಂಡಿದ್ದನಂತೆ. "ತಗೊಂಡು ಹೋಗು ಅಂದ್ರು. ಅಷ್ಟೇ ಹೇಳಿದ್ದು."

ಅಣ್ಣ ಬರುತ್ತಾನಾ ಅಂದೆ. ಇಲ್ಲ ಅಂದರು.

ಏಪ್ರಿಲ್ 9, ಬುಧವಾರ

ಸೀಲಿನ ತುದಿಗೂ ಪಕ್ಕದ ಗೋಡೆಗೂ ಎಷ್ಟು ಸಂದು ಬಿಡಬೇಕು? ಪುಸ್ತಕದಲ್ಲಿ ಒಂದು ಲೆಕ್ಕ ಇದೆ. ಬೆಟ್ಟದಲ್ಲಿ ಸಿಕ್ಕಾಪಟ್ಟೆ ಬಿಸಿಯಾಗುವ ಇಂಜಿನ್ನಿಗೆ ಅದೇ ಸಾಕೇ? ಮೊದಲಾಗಿದ್ದರೆ ನನಗೆ ತೋಚಿದ್ದು ಬಿಡುತ್ತಿದ್ದೆ. ಚೀಟಿಯಲ್ಲಿ ಬರೆದು ಅತ್ತಿಗೆ ಕೈಲಿ ಕಳಿಸಿದೆ. ಸಂಜೆ ಅದೇ ಚೀಟಿ ವಾಪಸ್ ಬಂತು. ಕೆಳಗೆ ಅಣ್ಣನ ಮುತ್ತಿನಂಥ ಅಕ್ಷರದಲ್ಲಿ ಒಂದು ಸಂಖ್ಯೆ. ಅವನು ಇಡೀ ಜೀವನ ಕಟ್ಟಡಗಳ ನಕ್ಷೆ ಬಿಡಿಸಿದವನು. ಹೆಚ್ಚಿಗೆ ಒಂದು ಗೆರೆ ಕೂಡ ಇಲ್ಲ.

ಏಪ್ರಿಲ್ 16, ಬುಧವಾರ

ಹನ್ನೊಂದು ಚೀಟಿ ಆಯಿತು. ಸ್ಪ್ರಿಂಗು ಯಾವ ಕಡೆಗೆ ಬಾಗಿರಬೇಕು, ಉದ್ದ ಬೋಲ್ಟುಗಳನ್ನು ಯಾವ ಸರದಿಯಲ್ಲಿ ಬಿಗಿಯಬೇಕು, ಜೋಡಿಸುವಾಗ ಸೀಲು ಜಾರದ ಹಾಗೆ ಏನು ಮೆತ್ತಬೇಕು. ಕೇಳುತ್ತಾ ಹೋದರೆ ಮುಗಿಯುವುದೇ ಇಲ್ಲ. ಒಂದು ಚೀಟಿಗೆ 'ನಿನಗೇ ಗೊತ್ತು' ಅಂತ ಬಂತು. ಅದನ್ನು ಎರಡು ಸಲ ಓದಿದೆ.

ಸುಲಭ ಅಂದುಕೊಂಡಿದ್ದೆ. ಪಿಸ್ಟನ್ನಿನಲ್ಲಿ ಒಂದು ಸಿಲಿಂಡರ್ ಕೆಟ್ಟರೆ ಉಳಿದ ಮೂರು ಹೊತ್ತುಕೊಂಡು ಮನೆ ಸೇರಿಸುತ್ತವೆ. ಇಲ್ಲಿ ಒಂದು ಸೀಲು ಮುನಿಸಿಕೊಂಡರೆ ಗೂಡಿಗೆ ಗೂಡೇ ಮಲಗುತ್ತದೆ. ಅದಕ್ಕೇ ಇರಬೇಕು, ಈ ಇಂಜಿನ್ ಇಟ್ಟುಕೊಂಡವರು ಅಷ್ಟು ಗಮನ ಕೊಡುವುದು. ಆಯಿಲ್ ಪೈಪುಗಳಿಗೆ ಗಾಳಿ ಊದಿ ಊದಿ ನೋಡಿದೆ. ತೊಟ್ಟು ತೊಟ್ಟು ಬರುತ್ತಿದೆ.

ಏಪ್ರಿಲ್ 23, ಬುಧವಾರ

ಇಂಜಿನ್ ಕಾರಿನೊಳಗೆ ಕೂತಿತು. ಎರಡನೇ ಸಲಕ್ಕೆ ಹತ್ತಿಕೊಂಡಿತು! ಎರಡು ರೋಟರಿನ ಆರು ಮುಖಕ್ಕೂ ಕಂಪ್ರೆಷನ್ ಸಮ. ಸ್ವಲ್ಪ ನೀಲಿ ಹೊಗೆ, ಇರಬೇಕಾದದ್ದೇ. ಹೊಸ ಸೀಲು ಗೋಡೆಗೆ ಒಗ್ಗುವ ತನಕ ಮೆಲ್ಲಗೆ ಓಡಿಸಬೇಕು. ಚೀಟಿ ಬರೆದೆ: 'ಇಂಜಿನ್ ಸಿದ್ಧ. ಒಗ್ಗಿಸುವ ಓಟಕ್ಕೆ ಯಾರು?' ಉತ್ತರ ಬಂದಿಲ್ಲ.

ಏಪ್ರಿಲ್ 24, ಗುರುವಾರ

ಬೆಳಿಗ್ಗೆ ಬಾಗಿಲು ತೆಗೆದಾಗ ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಬಂದು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ಬೀಗದ ಕೈಗೆ ಕೈ ಚಾಚಿದ, ಕೊಟ್ಟೆ. ಒಬ್ಬನೇ ಹೋದ. ಮೂರು ಗಂಟೆ ಆಯಿತು ವಾಪಸ್ ಬರಲು. ಆಯಿಲ್ ಕಡ್ಡಿ ಎಳೆದು ನೋಡಿ, "ಇಳಿದಿದೆ," ಅಂದ.

"ಇಳೀಲಿ ಬಿಡು, ಅದರ ಪಾಲು ಅದು ಕುಡಿಯತ್ತೆ," ಅಂದೆ. ಆಯಿಲ್ ಸುರಿದೆ.

ಸಂಜೆ ಅತ್ತಿಗೆ ಫೋನು ಮಾಡಿದರು. ಕ್ಲಬ್ಬಿನ ಕಾಗದವನ್ನು ಅವರು ಪೋಸ್ಟೇ ಮಾಡಿರಲಿಲ್ಲವಂತೆ, ದಿಂಬಿನ ಕವರಿನೊಳಗೆ ಇಟ್ಟಿದ್ದರಂತೆ. "ಅದರ ಮೇಲೇ ತಲೆಯಿಟ್ಟು ಮಲಗ್ತಾ ಇದ್ರು ಮಹರಾಯರು," ಅಂದರು. ಅಣ್ಣನ ಹೆಸರು ಪಟ್ಟಿಯಲ್ಲಿ ಇನ್ನೂ ಇದೆ.

ಮೇ 11, ಭಾನುವಾರ

ಮೊದಲು ಟೈಮು. ಎರಡು ನಿಮಿಷ ನಲವತ್ತಾರು ಸೆಕೆಂಡು. ಅಣ್ಣನ ಇದುವರೆಗಿನ ಅತಿ ವೇಗದ್ದು ಎರಡು ನಲವತ್ತೆರಡು.

ನಾನೂ ಅತ್ತಿಗೆಯೂ ಬೆಟ್ಟದ ಮೇಲೆ, ಮುಗಿಯುವ ಗೆರೆಯ ಆಚೆ ಕಾಯುತ್ತಿದ್ದೆವು. ಬರುವ ಸದ್ದು ದೂರದಿಂದಲೇ ಕೇಳಿಸಿತು, ಕೊನೆಯ ಎರಡು ತಿರುವಿನಲ್ಲೂ ಒಂದೇ ಎಳೆಯಾಗಿ. ಅತ್ತಿಗೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದರು. ಗೆರೆ ದಾಟಿತು. ಟೈಮು ಬರೆಯುವವರು ಚೀಟಿ ಹರಿದು ಕೊಟ್ಟರು.

ಅಣ್ಣ ಹೆಲ್ಮೆಟ್ ತೆಗೆದು ಕಾರಿನಲ್ಲೇ ಕೂತು ಓದಿದ. ಮುಖ ಪೂರ್ತಿ ಬೆವರು. ನಾನು ಬಾನೆಟ್ ಎತ್ತಿ ಮುಟ್ಟಿ ನೋಡುತ್ತಿದ್ದೆ.

"ಇಂಜಿನ್ನಿನಲ್ಲಿ ಏನಾದ್ರೂ ಇತ್ತಾ?" ಅಂದ.

"ಇಲ್ಲ. ನಮ್ಮ ಇಂಜಿನ್ ಸರಿಯಾಗೇ ಇದೆ."

"ಟೈರು?"

"ಟೈರು ಹೊಸದು. ಬೆಚ್ಚಗಿತ್ತು."

"ರಸ್ತೆ? ಕೆಳಗೆ ಒದ್ದೆ ಇತ್ತೇನೋ."

ಅತ್ತಿಗೆ ಮತ್ತೆ ನನ್ನ ತೋಳು ಹಿಡಿದು ನನ್ನನ್ನೇ ನೋಡುತ್ತಿದ್ದರು. ಹೌದು ಅನ್ನು ಅಂತ ಅವರ ಕಣ್ಣು ಬೇಡುತ್ತಿತ್ತು. ಒಂದು ಮಾತು, ಯಾರಿಗೂ ನಷ್ಟ ಇಲ್ಲ. ಅವನೂ ಅದನ್ನೇ ಕೇಳುತ್ತಿದ್ದಾನೆ ಅನ್ನಿಸಿತು.

"ಒಣಗಿತ್ತು ಅಣ್ಣ. ಬೆಳಿಗ್ಗೆ ನಾನೇ ನಡೆದು ನೋಡಿ ಬಂದೆ."

"ಹಾಗಾದ್ರೆ ಈ ನಾಲ್ಕು ಸೆಕೆಂಡು?"

"ನಿನ್ನದು," ಅಂದೆ.

ಅತ್ತಿಗೆ ನನ್ನ ತೋಳು ಬಿಟ್ಟರು. ಅಣ್ಣ ಚೀಟಿಯನ್ನು ಮತ್ತೆ ಓದಿದ. ಆಮೇಲೆ ನಗತೊಡಗಿದ, ಎರಡು ತಿಂಗಳಲ್ಲಿ ನಾನು ಕೇಳದಿದ್ದ ನಗು. ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ.

"ಆಗಲಿ ಪಿಸ್ಟನ್. ನನ್ನದಾದ್ರೆ ನಾನು ನೋಡ್ಕೋತೀನಿ. ಮಧ್ಯಾಹ್ನ ಇನ್ನೊಂದು ಸುತ್ತು ಇದೆಯಲ್ಲ."

ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ನೀರು ಕುಡಿಯಲು ಹೋದ. ನಾನು ಬಾನೆಟ್ಟಿನ ಮರೆಯಲ್ಲಿ ನಿಂತು ಅತ್ತುಬಿಟ್ಟೆ.